ದಿನಕ್ಕೆ ಸರಿಯಾಗಿ

ಫೆಬ್ರವರಿ 3

ಮೊಂಡಿ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ಹರಿದುಹಾಕುವ ಮೊದಲು ಒಂದು ಸಲವಾದರೂ ಕಣ್ಣಾಡಿಸುತ್ತೀ ಎಂದು ಬರೆಯುತ್ತಿದ್ದೇನೆ. ಚಿಕ್ಕವಳಿದ್ದಾಗ ಪಕ್ಕದ ಮನೆಯವರಿಗೆ ಬಂದ ಕಾಗದವನ್ನೂ ಓದದೆ ಬಿಟ್ಟವಳಲ್ಲ ನೀನು.

ನಾವು ಮಾತು ಬಿಟ್ಟು ಹತ್ತು ವರ್ಷ ಐದು ತಿಂಗಳಾಯಿತು. ಕ್ಷೇಮ ಸಮಾಚಾರ ಕೇಳುವ ಮುಖ ನನಗಿಲ್ಲ, ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಕಚೇರಿಯ ತರ್ಜುಮೆ ಕೆಲಸದಿಂದ ನಿವೃತ್ತಳಾಗಿ ಎರಡು ವರ್ಷವಾಯಿತು. ಈಗ ಶನಿವಾರ ಮಧ್ಯಾಹ್ನ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ತರ್ಜುಮೆಯ ಪಾಠ ಹೇಳುತ್ತೇನೆ. ಒಂಬತ್ತು ಜನ ಬರುತ್ತಾರೆ, ಎಲ್ಲರೂ ಎಲ್ಲೋ ಒಂದು ಕಡೆ ಕೆಲಸದಲ್ಲಿರುವವರೇ. ಅವರಲ್ಲಿ ಒಬ್ಬಳು ಕಣ್ಣಿನ ಆಸ್ಪತ್ರೆಯ ನರ್ಸ್. ಹೋದ ವಾರ ಅವಳು ರೋಗಿಯೊಬ್ಬರ ಚೀಟಿಯಿಂದ ಒಂದು ವಾಕ್ಯ ಬರೆದುಕೊಂಡು ಬಂದಿದ್ದಳು. ಎಡಗಣ್ಣಿನ ಆಪರೇಷನ್ ಆಗಿದ್ದು ‘ಟೂ ಇಯರ್ಸ್ ಅಗೋ ಟು ದ ಡೇ’ ಎಂದು ಡಾಕ್ಟರು ಬರೆದಿದ್ದರು. ನಾನು ಹಿಂದೆಮುಂದೆ ನೋಡದೆ ಹಲಗೆಯ ಮೇಲೆ ಬರೆದೆ: ಎರಡು ವರ್ಷದ ಹಿಂದಿನಿಂದ ಆ ದಿನದವರೆಗೂ.

ನರ್ಸ್ ಕೈ ಎತ್ತಿ ಹೇಳಿದಳು, “ಮೇಡಂ, ಆಪರೇಷನ್ ಎರಡು ವರ್ಷ ನಡೆಯಲ್ಲ. ನಮ್ಮಲ್ಲಿ ಅರ್ಧ ಗಂಟೇಲಿ ಮುಗಿಯುತ್ತೆ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಅವಳು ಚೀಲದಿಂದ ನಿಘಂಟು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಪುಟದಲ್ಲಿ ಮೊದಲೇ ಗುರುತು ಹಾಕಿದ್ದಳು, ಪಾಪ. ನನ್ನ ಮರ್ಯಾದೆ ಉಳಿಸಲು ಗೊತ್ತಿಲ್ಲದವಳ ಹಾಗೆ ಕೇಳಿದ್ದಳು.

ಆ ಮಾತಿಗೆ ‘ವರೆಗೂ’ ಎಂಬ ಅರ್ಥವೇ ಇಲ್ಲ. ‘ಟು ದಿಸ್ ಡೇ’ ಎಂದರೆ ಇಂದಿನವರೆಗೂ. ‘ಟು ದ ಡೇ’ ಎಂದರೆ ದಿನಕ್ಕೆ ಸರಿಯಾಗಿ. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಮದುವೆಯಾದ ತಾರೀಖಿನಂದೇ ಮರುವರ್ಷ ಮಗು ಹುಟ್ಟಿದರೆ, ಅಂಗಡಿ ತೆರೆದ ತಾರೀಖಿನಂದೇ ಹತ್ತು ವರ್ಷದ ಮೇಲೆ ಬಾಗಿಲು ಹಾಕಿದರೆ, ಇಂಗ್ಲಿಷಿನವರು ಕೊನೆಗೆ ಈ ಮೂರು ಪದ ಸೇರಿಸುತ್ತಾರೆ. ಎರಡರ ನಡುವೆ ಇರುವುದು ಒಂದು ಪುಟ್ಟ ಪದದ ವ್ಯತ್ಯಾಸ.

ಮನೆಗೆ ಬಂದವಳೇ ಹಳೆಯ ನೋಟ್‌ಬುಕ್ ತೆಗೆದೆ. ಕಚೇರಿಯಲ್ಲಿ ತೊಡಕೆನಿಸಿದ ವಾಕ್ಯಗಳನ್ನೆಲ್ಲ ಬರೆದಿಡುತ್ತಿದ್ದದ್ದು ನಿನಗೆ ಗೊತ್ತು. ನಿನ್ನ ಗಂಡನ ವಿಚಾರಣೆಯ ವರದಿಯಿಂದ ಒಂದೇ ಒಂದು ವಾಕ್ಯ ಅದರಲ್ಲಿದೆ. ಅವರು ನೋಡಿಕೊಳ್ಳುತ್ತಿದ್ದ ಲಾಂಡ್ರಿಯ ಸಾಮಾನು ಲಿಫ್ಟ್ ಬಿದ್ದಾಗ ಅದರ ಉಕ್ಕಿನ ಹಗ್ಗಕ್ಕೆ ಎಷ್ಟು ವಯಸ್ಸಾಗಿತ್ತು ಎಂಬ ವಾಕ್ಯ. ಹೊರಗಿನಿಂದ ಬಂದ ತಜ್ಞರು ‘ಫೈವ್ ಇಯರ್ಸ್ ಟು ದ ಡೇ’ ಎಂದು ಬರೆದಿದ್ದರು. ನಾನು ಅದನ್ನು ಹೀಗೆ ಮಾಡಿದ್ದೆ: “ಐದು ವರ್ಷದ ಅವಧಿ ಮುಗಿದ ಹಗ್ಗವನ್ನು ಅಪಘಾತದ ದಿನದವರೆಗೂ ಬಳಸಲಾಗಿದೆ.”

ಹೀಗೆ ಬರೆಯಬೇಕಿತ್ತು: “ಅಪಘಾತದ ದಿನಕ್ಕೆ ಹಗ್ಗ ಹಾಕಿ ಸರಿಯಾಗಿ ಐದು ವರ್ಷವಾಗಿತ್ತು.”

ಹಗ್ಗವನ್ನು ಐದು ವರ್ಷಕ್ಕಿಂತ ಹೆಚ್ಚು ಓಡಿಸಬಾರದು ಎಂಬುದು ನಿಯಮ. ನಿನ್ನ ಗಂಡ ಹೆಚ್ಚು ಓಡಿಸಿರಲಿಲ್ಲ. ತಪ್ಪು ನನ್ನದು. ಇದನ್ನು ಅವರಿಗೆ ಹೇಳು.

ನಿನ್ನ ಅಕ್ಕ

*

ಫೆಬ್ರವರಿ 19

ಅಕ್ಕ,

ಹತ್ತು ವರ್ಷ ಐದು ತಿಂಗಳಂತೆ. ನಮ್ಮನೆಯಲ್ಲಿ ಅದನ್ನು ಹನ್ನೊಂದು ವರ್ಷ ಅನ್ನುತ್ತೇವೆ.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಮೊದಲ ದಿನ ಹರಿಯೋಣ ಅನ್ನಿಸಿತು. ಎರಡನೇ ದಿನ ನಿನ್ನ ಮನೆಗೇ ಬಂದು ನಿನ್ನ ಮುಖಕ್ಕೆ ಎಸೆಯೋಣ ಅನ್ನಿಸಿತು. ಆಮೇಲೆ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಗುಂಡಿಗಳ ಡಬ್ಬಿಯ ಕೆಳಗೆ ಹಾಕಿಟ್ಟೆ. ಅವರು ಆ ಡ್ರಾಯರ್ ಮುಟ್ಟುವುದಿಲ್ಲ.

‘ತಪ್ಪು ನನ್ನದು, ಇದನ್ನು ಅವರಿಗೆ ಹೇಳು.’ ಎಷ್ಟು ಚೆನ್ನಾಗಿ ಬರೆದಿದ್ದೀ. ಒಂದು ಅಕ್ಷರ ತಪ್ಪಿಲ್ಲ. ಹಾಲಿನವನಿಗೆ ನಾಳೆ ಬೇಡ ಅಂತ ಹೇಳು ಅನ್ನುವ ಹಾಗಿದೆ.

ನಿನಗೆ ನೆನಪಿದೆಯೋ ಇಲ್ಲವೋ, ನನಗಿದೆ. ವಿಚಾರಣೆಯ ಹಿಂದಿನ ದಿನ ನಿನ್ನ ಅಡುಗೆಮನೆಗೆ ಬಂದು ನಿಂತಿದ್ದೆ. ನೀನು ಪಾತ್ರೆ ಒರೆಸುತ್ತಿದ್ದೆ. “ಅಕ್ಕ, ಅವರು ದಿನ ಎಣಿಸಿಟ್ಟಿದ್ದೆ ಅಂತಿದಾರೆ. ಆ ಸಾಲು ಇನ್ನೊಂದು ಸಲ ನೋಡೇ” ಅಂದೆ. ನೀನು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟೆಯ ಮೇಲಿಟ್ಟು, “ಇದ್ದದ್ದನ್ನು ಇದ್ದ ಹಾಗೆ ಬರೆದಿದೀನಿ. ನನ್ನ ಪೆನ್ನಿಗೆ ನೆಂಟರಿಲ್ಲ” ಅಂದೆ. ಆ ಮಾತನ್ನು ನಾನು ಎಷ್ಟು ಜನರ ಹತ್ತಿರ ಹೇಳಿಕೊಂಡು ಅತ್ತಿದ್ದೇನೋ ಲೆಕ್ಕವಿಲ್ಲ. ಅರ್ಧ ಜನ ನಿನ್ನನ್ನೇ ಹೊಗಳಿದರು.

ಅವರ ಪರವಾನಗಿ ಹೋಯಿತು. ಲಿಫ್ಟ್ ಮುಟ್ಟುವ ಹಾಗಿಲ್ಲ ಎಂದಾಯಿತು. ಈಗ ಒಂದು ಶಾಲೆಯಲ್ಲಿ ರಿಪೇರಿ ಕೆಲಸ ಮಾಡುತ್ತಾರೆ. ನಲ್ಲಿ, ಬೆಂಚು, ನೀರಿನ ಪಂಪು, ಬಾಗಿಲಿನ ಕೀಲು. ಮಕ್ಕಳು ‘ನಟ್ಟು ಅಂಕಲ್’ ಅನ್ನುತ್ತಾರೆ. ಮಗಳಿಗೆ ಕೆಲಸ ಸಿಕ್ಕಿ ಬೇರೆ ಊರಲ್ಲಿದ್ದಾಳೆ. ನಾವು ಚೆನ್ನಾಗಿದ್ದೇವೆ. ಹೇಗೋ ಒಂದು ಹದಕ್ಕೆ ಬಂದ ಸಂಸಾರ. ಅದರೊಳಕ್ಕೆ ಈಗ ನಿನ್ನ ಇಂಗ್ಲಿಷ್ ಪಾಠ.

ನಾನು ಅವರಿಗೆ ಹೇಳಿಲ್ಲ. ಹೇಳುತ್ತೇನೋ ಇಲ್ಲವೋ ಗೊತ್ತಿಲ್ಲ.

— ಮೊಂಡಿಯೇ

*

ಮಾರ್ಚ್ 2

ಮೊಂಡಿ,

ನೀನು ಬರೆದದ್ದೆಲ್ಲ ನಿಜ. ಪಾತ್ರೆ ಒರೆಸುತ್ತಿದ್ದದ್ದೂ ನಿಜ.

ಮೊನ್ನೆ ಕಚೇರಿಗೆ ಹೋಗಿದ್ದೆ. ಈಗಿನ ಅಧಿಕಾರಿ ನನ್ನ ಮಗಳಾಗುವಷ್ಟು ಚಿಕ್ಕವಳು. ಹೊಸ ಕಾಲದ ಹುಡುಗಿ, ನಾನು ಕೂರುವ ಮೊದಲೇ ಫೈಲಿನ ನಂಬರ್ ಕೇಳಿದಳು. ಹಳೆಯ ಕಡತಗಳು ನೆಲಮಾಳಿಗೆಯಲ್ಲಿವೆ. ಗುಮಾಸ್ತರು ಹುಡುಕಿ ತರುವ ಹೊತ್ತಿಗೆ ಎರಡು ಗಂಟೆಯಾಯಿತು. ತಜ್ಞರ ಮೂಲ ವರದಿ ಸುರಕ್ಷಿತವಾಗಿದೆ. ಅದರ ಕೊನೆಗೆ ಒಂದು ಫೋಟೋ ಅಂಟಿಸಿದೆ. ಹಗ್ಗವನ್ನು ಬಿಗಿದ ಜಾಗದಲ್ಲಿ ಒಂದು ತಗಡಿನ ಬಿಲ್ಲೆ ಕಟ್ಟಿರುತ್ತಾರೆ, ಅದರದ್ದು. ಬಿಲ್ಲೆಯ ಮೇಲೆ ಹಗ್ಗ ಹಾಕಿದ ತಾರೀಖು ಗುದ್ದಿದೆ: ಜೂನ್ 7. ಲಿಫ್ಟ್ ಬಿದ್ದದ್ದು ಐದು ವರ್ಷದ ನಂತರ ಜೂನ್ 7ರ ಬೆಳಿಗ್ಗೆ ಎಂಟೂವರೆಗೆ.

ಫೋಟೋಗಳನ್ನು ತರ್ಜುಮೆಗೆ ಕಳಿಸುವ ಪದ್ಧತಿ ಇರಲಿಲ್ಲ. ವಿಚಾರಣಾ ಸಮಿತಿಯವರು ಇಂಗ್ಲಿಷ್ ವರದಿಯನ್ನು ಬಿಡಿಸಿ ನೋಡಲಿಲ್ಲ. ಲಿಫ್ಟಿನ ದಾಖಲೆ ಪುಸ್ತಕ ಕಳೆದುಹೋಗಿದೆ ಎಂದು ಲಾಂಡ್ರಿಯವರು ಹೇಳಿದ್ದರು. ಹಾಗಾಗಿ ಎಲ್ಲರೂ ಓದಿದ್ದು ನನ್ನ ವಾಕ್ಯವನ್ನು ಮಾತ್ರ.

ಬಿಲ್ಲೆಯ ಫೋಟೋದ ಒಂದು ಪ್ರತಿ ಇಲ್ಲಿ ಇಟ್ಟಿದ್ದೇನೆ.

ತಿದ್ದುಪಡಿ ಸಾಧ್ಯವಂತೆ. ಆದರೆ ನಾನು ಕೇಳಿದರೆ ಆಗುವುದಿಲ್ಲ. ತೊಂದರೆಗೆ ಒಳಗಾದವರೇ ಅರ್ಜಿ ಹಾಕಬೇಕು, ಅವರದೇ ಸಹಿ ಬೇಕು. “ಅವರು ಹಾಕ್ತಾರಾ?” ಎಂದು ಅಧಿಕಾರಿ ಕೇಳಿದಳು. “ನನ್ನ ತಂಗಿ ಮನಸ್ಸು ಮಾಡಿದರೆ” ಎಂದೆ. ಅವಳು ಪೆನ್ನು ಕೆಳಗಿಟ್ಟು ನನ್ನನ್ನು ನೋಡಿದಳು. “ಅಂದ್ರೆ ನೀವು ಇವರ...” ಎಂದು ಅರ್ಧಕ್ಕೆ ನಿಲ್ಲಿಸಿದಳು. ಹೌದು ಎಂದೆ.

ಅರ್ಜಿಯ ನಮೂನೆಯೂ ಇದರ ಜೊತೆಗಿದೆ. ಸಹಿ ಮಾಡಬೇಕಾದ ಕಡೆ ಪೆನ್ಸಿಲ್‌ನಿಂದ ಗುರುತು ಹಾಕಿದ್ದೇನೆ.

ಅಕ್ಕ

*

ಮಾರ್ಚ್ 21

ಅಕ್ಕ,

ಗುರುತು ಹಾಕದಿದ್ದರೆ ನಮಗೆ ಗೊತ್ತಾಗುತ್ತಿರಲಿಲ್ಲ ನೋಡು, ಎಲ್ಲಿ ಸಹಿ ಮಾಡಬೇಕು ಅಂತ.

ನಾನು ಇನ್ನೂ ಹೇಳಿಲ್ಲ. ಯಾಕೆ ಅಂತ ಬರೆಯುತ್ತೇನೆ. ನಿನಗೆ ಗೊತ್ತಿಲ್ಲದ ಒಂದು ವಿಷಯ ಇದೆ.

ವಿಚಾರಣೆಯ ದಿನ ನಾನು ಕೋಣೆಯ ಹೊರಗೆ ಬೆಂಚಿನ ಮೇಲಿದ್ದೆ. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವಿನವರು ನಿನ್ನ ಸಾಲನ್ನು ಗಟ್ಟಿಯಾಗಿ ಓದಿ, “ಇದಕ್ಕೇನಂತೀರಿ?” ಅಂದರು.

“ಅವತ್ತೇ ಬದಲಾಯಿಸೋದಿತ್ತು ಸರ್. ತಾರೀಖು ಎಣಿಸಿಟ್ಟಿದ್ದೆ. ಬೆಳಿಗ್ಗೆ ಬಟ್ಟೆ ಮೂಟೆ ಎಲ್ಲ ಮೇಲೆ ಹೋದ ಮೇಲೆ, ಹತ್ತು ಗಂಟೆಗೆ ಲಿಫ್ಟ್ ನಿಲ್ಲಿಸಿ ಹೊಸ ಹಗ್ಗ ಹಾಕೋದು ಅಂತಿತ್ತು.”

“ಹಾಗಾದ್ರೆ ಈ ವರದಿ ಸುಳ್ಳಾ?”

ನಡುವಿನವರು ಹಾಳೆ ತಿರುವಿ ಕೊನೆಯ ಸಹಿ ನೋಡಿದರು.

“ತರ್ಜುಮೆ ಮಾಡಿದವರು ನಿಮ್ಮ ಹೆಂಡತಿಯ ಅಕ್ಕನೇ ಅಂತೆ. ಅವರಿಗೆ ನಿಮ್ಮ ಮೇಲೆ ಏನಾದ್ರೂ ಸಿಟ್ಟಿದೆಯಾ?”

“ಇಲ್ಲ ಸರ್.”

“ಮತ್ತೆ?”

“ಅವರು ತಪ್ಪು ಬರೆಯೋರಲ್ಲ ಸರ್.”

ಅಷ್ಟೇ ನಡೆದದ್ದು. ಆ ಒಂದು ಮಾತಿನಿಂದ ತಮ್ಮ ಕುತ್ತಿಗೆಗೆ ತಾವೇ ಹಗ್ಗ ಹಾಕಿಕೊಂಡರು ಅಂತ ನಾನು ಆವತ್ತು ಬೈದೆ. ಬಸ್ಸಿನಲ್ಲಿ ಬರುವಾಗಲೂ ಬೈದೆ. ಅವರು ಕಿಟಕಿಯ ಕಡೆ ನೋಡುತ್ತಾ, “ನಾನೇ ಎಲ್ಲೋ ತಪ್ಪು ಎಣಿಸಿದೀನಿ ಕಣೇ. ಅಕ್ಕ ಬರೆದಿದಾರೆ ಅಂದ್ರೆ ಸುಮ್ನೆ ಬರೆಯಲ್ಲ” ಅಂದರು.

ಅವತ್ತಿನಿಂದ ಅವರು ತಮ್ಮನ್ನೇ ನಂಬುವುದಿಲ್ಲ. ಶಾಲೆಯ ಪ್ರತಿ ನಲ್ಲಿಯ ಹಿಂದೆ ಸೀಮೆಸುಣ್ಣದಲ್ಲಿ ತಾರೀಖು ಬರೆಯುತ್ತಾರೆ. ಗ್ಯಾಸ್ ಹಚ್ಚಿ ಆರಿಸಿದ್ದನ್ನು ಮೂರು ಸಲ ನೋಡುತ್ತಾರೆ. ನನ್ನ ಹುಟ್ಟಿದ ದಿನವನ್ನು ನನ್ನ ಹತ್ತಿರವೇ ಕೇಳಿ ಖಚಿತ ಮಾಡಿಕೊಂಡು ಆಮೇಲೆ ಶುಭಾಶಯ ಹೇಳುತ್ತಾರೆ. ತಿಂಗಳಿಗೊಮ್ಮೆ ಆ ಹೆಂಗಸನ್ನು ನೋಡಿಕೊಂಡು ಬರುತ್ತಾರೆ. ಲಿಫ್ಟ್ ಬಿದ್ದಾಗ ಕಾಲು ಮುರಿದುಕೊಂಡ ಲಾಂಡ್ರಿಯ ಹೆಂಗಸು. ಈಗ ಮನೆಯಲ್ಲೇ ಇಸ್ತ್ರಿ ಹಾಕಿಕೊಡುತ್ತಾಳೆ. ಇವರು ಹೋಗಿ ಒಂದು ಗಂಟೆ ಕೂತು, ಅವಳ ಇಸ್ತ್ರಿಪೆಟ್ಟಿಗೆಯ ವೈರು ನೋಡಿ ಬರುತ್ತಾರೆ. ಮಾತು ಏನೂ ಇಲ್ಲವಂತೆ.

ನಾನು ನಿನ್ನ ಮೇಲೆ ಸಿಟ್ಟು ಮಾಡಿಕೊಂಡೆ, ಹಾಗಾಗಿ ನನಗೆ ನಿದ್ದೆ ಬಂತು. ಅವರು ನಿನ್ನನ್ನು ನಂಬಿದರು.

ಈಗ ಈ ಬಿಲ್ಲೆಯ ಫೋಟೋ ಅವರ ಕೈಗೆ ಕೊಟ್ಟು ಏನು ಹೇಳಲಿ? ಹನ್ನೊಂದು ವರ್ಷ ಸುಮ್ಮನೆ ಹೊತ್ತಿರಿ, ಇಳಿಸಿ ಅಂತಲೇ?

ಅದಕ್ಕೆ ಮೊದಲು ನನಗೊಂದು ಉತ್ತರ ಬೇಕು. ಒಂದು ಕಾಮಾ ಎಲ್ಲಿ ಹಾಕಬೇಕು ಅಂತ ಮೂರು ನಿಘಂಟು ಬಿಡಿಸಿಕೊಂಡು ಕೂರುವವಳು ನೀನು. ಊಟಕ್ಕೆ ಕರೆದರೆ ‘ಒಂದು ಪದ ಬಾಕಿ ಇದೆ’ ಅನ್ನುವವಳು. ಇಂಥವಳಿಗೆ ಈ ಮೂರು ಪದ ಹೇಗೆ ತಪ್ಪಿತು? ಗೊತ್ತಿರಲಿಲ್ಲ ಅಂತ ಬರೆದರೆ ನಾನು ನಂಬುವುದಿಲ್ಲ. ಸರಿಯಾಗಿ ಬರೆ. ಆಮೇಲೆ ನಿರ್ಧಾರ ಮಾಡುತ್ತೇನೆ.

ತಂಗಿ

*

ಮಾರ್ಚ್ 30

ಮೊಂಡಿ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು. ಹೀಗೇ ಕಳಿಸುತ್ತೇನೆ.

ವರದಿ ನನ್ನ ಮೇಜಿಗೆ ಬಂದ ದಿನವೇ ಮೇಲಧಿಕಾರಿಯ ಹತ್ತಿರ ಹೋಗಿ, ಇದು ನನ್ನ ತಂಗಿಯ ಗಂಡನ ವಿಷಯ, ಬೇರೆಯವರಿಗೆ ಕೊಡಿ ಎಂದು ಕೇಳಿದೆ. “ಬೇರೆ ಯಾರಿದಾರೆ? ಇಂಗ್ಲಿಷ್ ಬರೋದು ನಿಮಗೊಬ್ಬರಿಗೇ” ಎಂದರು. ನಾನು ಬಾಗಿಲ ಹತ್ತಿರ ಹೋದಾಗ, “ನಿಮ್ಮವರೇ ಅಲ್ವಾ, ನೋಡಿಕೊಂಡು ಮಾಡಿ” ಎಂದು ನಕ್ಕರು. ಪಕ್ಕದ ಮೇಜಿನವರೂ ನಕ್ಕರು. ತಮಾಷೆಗೆ ಹೇಳಿದ್ದಿರಬಹುದು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು.

ಆ ವಾಕ್ಯಕ್ಕೆ ಬಂದಾಗ ನಾನು ನಿಂತೆ. ನಿಂತೆ ಎಂಬುದಕ್ಕೆ ನೋಟ್‌ಬುಕ್ಕೇ ಸಾಕ್ಷಿ, ಇಲ್ಲದಿದ್ದರೆ ಅದನ್ನು ಬರೆದಿಡುತ್ತಲೇ ಇರಲಿಲ್ಲ. ಎರಡು ಅರ್ಥವೂ ನನ್ನ ಮನಸ್ಸಿಗೆ ಬಂದವು. ‘ಸರಿಯಾಗಿ ಐದು ವರ್ಷ’ ಎಂದೂ ಇರಬಹುದು ಅನ್ನಿಸಿತು. ನಿಘಂಟು ನನ್ನ ಕುರ್ಚಿಯಿಂದ ಎರಡು ಹೆಜ್ಜೆ ದೂರದ ಕಪಾಟಿನಲ್ಲಿತ್ತು.

ನಾನು ಏಳಲಿಲ್ಲ.

ಯಾಕೆಂದರೆ ಎದ್ದು ನೋಡಿ, ನಿನ್ನ ಗಂಡನಿಗೆ ಅನುಕೂಲವಾದ ಅರ್ಥವೇ ಸರಿ ಎಂದಾದರೆ, ಅದನ್ನೇ ಬರೆಯಬೇಕಾಗುತ್ತಿತ್ತು. ಬರೆದರೆ, ನೋಡಿ, ನೆಂಟನಿಗಾಗಿ ತಿರುಚಿದಳು ಎನ್ನುತ್ತಿದ್ದರು. ಆ ನಗು ನನ್ನ ಬೆನ್ನ ಹಿಂದೆ ನಿವೃತ್ತಿಯವರೆಗೂ ಇರುತ್ತಿತ್ತು. ಅವರಿಗೆ ವಿರುದ್ಧವಾದದ್ದನ್ನು ಬರೆದರೆ ಯಾರೂ ನನ್ನ ಕಡೆ ಬೆರಳು ತೋರಿಸುವ ಹಾಗಿರಲಿಲ್ಲ. ಕಷ್ಟವಾದದ್ದನ್ನು ಮಾಡುತ್ತಿದ್ದೇನೆ, ಆದ್ದರಿಂದ ಇದೇ ನ್ಯಾಯ ಎಂದುಕೊಂಡೆ. ಅರ್ಧ ನಿಮಿಷದ ವಿಷಯ. ಮುಂದಿನ ವಾಕ್ಯಕ್ಕೆ ಹೋದೆ.

ನೀನು ಅಡುಗೆಮನೆಗೆ ಬಂದು ಕೇಳಿದಾಗ ನೋಡಬಹುದಿತ್ತು. ಮಾರನೆಯ ದಿನದವರೆಗೆ ಸಮಯವಿತ್ತು. ಅಷ್ಟರಲ್ಲಿ ನನಗೆ ನನ್ನ ಮೇಲೇ ಬಹಳ ಗೌರವ ಬಂದುಬಿಟ್ಟಿತ್ತು.

ಆಮೇಲೆ ಅದೇ ನನ್ನ ಹೆಸರಾಯಿತು. ಸ್ವಂತ ತಂಗಿಯ ಗಂಡನಿಗೂ ರಿಯಾಯಿತಿ ತೋರಿಸದವಳು ಎಂದು ನಿವೃತ್ತಿಯ ದಿನ ಭಾಷಣದಲ್ಲಿ ಹೇಳಿದರು. ನಾನು ತಲೆಬಗ್ಗಿಸಿ ಕೇಳಿಸಿಕೊಂಡೆ. ವಿನಯ ಎಂದುಕೊಂಡರು. ನಾನೂ ಹಾಗೇ ಎಂದುಕೊಂಡಿದ್ದೆ.

ಗೊತ್ತಿಲ್ಲದೆ ತಪ್ಪಿದ್ದರೆ ಅದು ಬೇರೆ. ನಾನು ನೋಡದೆ ತಪ್ಪಿದೆ. ನಿಮ್ಮಿಬ್ಬರಿಗೆ ನನ್ನಿಂದ ಆದದ್ದು ಇದು. ಅವರು ನನ್ನನ್ನು ನಂಬಿದ ಸಂಗತಿ ನಿನ್ನ ಕಾಗದ ಬರುವವರೆಗೆ ನನಗೆ ಗೊತ್ತಿರಲಿಲ್ಲ. ನೀವಿಬ್ಬರೂ ನನ್ನನ್ನು ಬೈದುಕೊಳ್ಳುತ್ತಿದ್ದೀರಿ ಎಂದೇ ಇಷ್ಟು ದಿನ ಸಮಾಧಾನವಾಗಿದ್ದೆ.

ಈ ಕಾಗದವನ್ನೂ ಅವರಿಗೆ ಕೊಡಬಹುದು. ಕೊಡದಿದ್ದರೂ ನಿನ್ನಿಷ್ಟ.

ಅಕ್ಕ

*

ಏಪ್ರಿಲ್ 26

ಅಕ್ಕ,

ಕೊಟ್ಟೆ.

ಹೋದ ಭಾನುವಾರ. ಊಟವಾಗಿತ್ತು. ಅವರು ನನ್ನ ಹೊಲಿಗೆ ಮೆಷಿನ್ನನ್ನು ಬಿಚ್ಚಿ ಎಣ್ಣೆ ಹಾಕಲು ಕೂತಿದ್ದರು, ಹಳೆ ಪೇಪರು ಹಾಸಿಕೊಂಡು. ನಾನು ಗುಂಡಿಗಳ ಡಬ್ಬಿ ಎತ್ತಿ ಮೂರು ಕಾಗದವನ್ನೂ ತೆಗೆದು, “ಇದನ್ನ ಓದಿ. ಪೂರ್ತಿ ಓದಿದ ಮೇಲೆ ಮಾತಾಡಿ” ಅಂದೆ.

ಅವರು ಕೈ ಒರೆಸಿಕೊಂಡು ಓದಿದರು. ನಿಧಾನಕ್ಕೆ ಓದುತ್ತಾರೆ, ನಿನಗೆ ಗೊತ್ತು. ಎಲ್ಲ ಮುಗಿಸಿ ಮತ್ತೆ ಮೊದಲಿನಿಂದ ಓದಿದರು. ನಾನು ಅಡುಗೆಮನೆಗೆ ಹೋಗಿ, ಬಂದು, ಮತ್ತೆ ಹೋಗಿ, ಬಂದೆ. ಕೊನೆಗೆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, “ಏಳು” ಅಂದರು.

“ಏನು ಏಳು?”

“ಜೂನ್ ಏಳು. ಈ ಬಿಲ್ಲೆ ಗುದ್ದಿದ್ದು ನಾನೇ. ಏಳರ ಬಾಲ ಸೊಟ್ಟ ಬಂದಿದೆ ನೋಡು, ಸುತ್ತಿಗೆ ಜಾರಿತ್ತು.”

ಆಮೇಲೆ ಮೆಷಿನ್ನಿಗೆ ಎಣ್ಣೆ ಹಾಕುವುದನ್ನು ಮುಗಿಸಿದರು. ಬಿಚ್ಚಿದ್ದನ್ನೆಲ್ಲ ಜೋಡಿಸಿದರು. ಪೇಪರು ಮಡಿಸಿ ಕಸಕ್ಕೆ ಹಾಕಿದರು. ಅಂಗಿ ಹಾಕಿಕೊಂಡು, “ಬರ್ತೀನಿ” ಅಂದರು. ಎಲ್ಲಿಗೆ ಅಂದರೆ ಹೇಳಲಿಲ್ಲ. ನನಗೆ ಹೆದರಿಕೆಯಾಗಿ ನಾನೂ ಚಪ್ಪಲಿ ಮೆಟ್ಟಿ ಹಿಂದೆಯೇ ಹೊರಟೆ. ಹೋಗಿದ್ದು ಆ ಇಸ್ತ್ರಿಯ ಹೆಂಗಸಿನ ಮನೆಗೆ.

ಅವಳ ಮನೆಗೆ ನಾನು ಹೋದದ್ದು ಅದೇ ಮೊದಲು. ಒಂದೇ ಕೋಣೆ. ಗೋಡೆಗೆ ಒತ್ತಿ ಉದ್ದದ ಮೇಜು, ಬಿಳಿ ಅಂಗಿಗಳ ರಾಶಿ. ಅವಳು ಎತ್ತರದ ಸ್ಟೂಲಿನ ಮೇಲೆ ಕೂತು ಕಾಲನ್ನು ಇನ್ನೊಂದು ಸ್ಟೂಲಿಗೆ ಚಾಚಿಕೊಂಡು ಇಸ್ತ್ರಿ ಹಾಕುತ್ತಿದ್ದಳು. ಇವರು ನಿಂತುಕೊಂಡೇ ಎಲ್ಲ ಹೇಳಿದರು. ಹಗ್ಗಕ್ಕೆ ಆ ದಿನ ಸರಿಯಾಗಿ ಐದು ವರ್ಷವಾಗಿತ್ತು, ಮೀರಿರಲಿಲ್ಲ, ಬರೆದವರು ತಪ್ಪು ಬರೆದಿದ್ದರು, ಅಂತ.

ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಕೇಳಿದಳು, “ಅದರಿಂದ ನನ್ನ ಕಾಲಿಗೇನಾಗುತ್ತೆ?”

“ಏನೂ ಆಗಲ್ಲ.”

“ಮತ್ತೆ?”

ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ನನ್ನ ಕಡೆ ನೋಡಿ, “ನೀವು ಇವರ ಮನೆಯವರಾ? ಒಳಗೆ ಬನ್ನಿ” ಅಂದಳು. ಆಮೇಲೆ ಇವರಿಗೆ, “ಒಂದು ಒಳ್ಳೇದಾಯ್ತು ಬಿಡಿ. ಇನ್ಮೇಲೆ ಬಂದಾಗ ಆ ಮುಖ ಮಾಡ್ಕೊಂಡು ಕೂರಬೇಡಿ. ಹತ್ತು ವರ್ಷದಿಂದ ನಿಮ್ಮ ಮುಖ ನೋಡಿ ನೋಡಿ, ಕಾಲು ಮುರಿದಿದ್ದು ನನಗಾ ನಿಮಗಾ ಅಂತ ನನಗೇ ಅನುಮಾನ ಬಂದಿತ್ತು” ಅಂದಳು.

ಇವರು ನಕ್ಕರು ಅಕ್ಕ. ನಗುತ್ತಾ ನಗುತ್ತಾ ಅಳುವುದಕ್ಕೆ ಶುರು ಮಾಡಿದರು. ಅವಳು ರಾಶಿಯಿಂದ ಒಂದು ಕರವಸ್ತ್ರ ಎಳೆದು ಕೊಟ್ಟಳು. ಯಾರದೋ ಗಿರಾಕಿಯದು, ಆಗಷ್ಟೇ ಇಸ್ತ್ರಿ ಹಾಕಿದ್ದು. “ತೊಳೆದು ಕೊಡಿ” ಅಂದಳು.

ಅರ್ಜಿಗೆ ಸಹಿ ಮಾಡಿದ್ದಾರೆ. ನಿನ್ನ ಪೆನ್ಸಿಲ್ ಗುರುತಿನ ಮೇಲಲ್ಲ, ಸ್ವಲ್ಪ ಪಕ್ಕದಲ್ಲಿ. ನಾನೇ ಅಂಚೆಗೆ ಹಾಕಿದ್ದೇನೆ.

ನಿನ್ನ ಬಗ್ಗೆ ಏನಂದರು ಅಂತ ನೀನು ಕೇಳುತ್ತೀ. ಏನೂ ಅನ್ನಲಿಲ್ಲ. ನಾಲ್ಕು ದಿನ ಯಾರ ಹತ್ತಿರವೂ ಮಾತಾಡಲಿಲ್ಲ, ಅಷ್ಟೇ. ನನ್ನ ಮಟ್ಟಿಗೆ ಹೇಳುವುದಾದರೆ, ನೀನು ಐದನೇ ಸಲ ಬರೆದು ಕಳಿಸಿದ ಆ ಕಾಗದ ಓದಿದ ಮೇಲೆ ನಿನ್ನ ಮೇಲಿನ ಸಿಟ್ಟು ಹೆಚ್ಚಾಗಿದೆ. ಆದರೆ ಮೊದಲು ಯಾರದೋ ಮೇಲೆ ಸಿಟ್ಟು ಮಾಡಿಕೊಂಡಂತಿತ್ತು. ಈಗ ನನ್ನ ಅಕ್ಕನ ಮೇಲೆ ಮಾಡಿಕೊಂಡಂತಿದೆ.

ತಂಗಿ

*

ಮೇ 9

ಮೊಂಡಿ,

ಅರ್ಜಿ ತಲುಪಿದೆ ಎಂದು ಕಚೇರಿಯಿಂದ ಫೋನ್ ಬಂತು. ನನ್ನ ಹೇಳಿಕೆಯನ್ನು ಬರೆದುಕೊಡಲು ಹೋಗಿದ್ದೆ. ಎರಡು ಅರ್ಥ ಹೊಳೆದದ್ದು, ನಿಘಂಟು ನೋಡದೆ ಬಿಟ್ಟದ್ದು, ಎಲ್ಲವನ್ನೂ ಬರೆದೆ. “ಇಷ್ಟೆಲ್ಲ ಬೇಕಾಗಿಲ್ಲ ಮೇಡಂ, ತಪ್ಪು ತರ್ಜುಮೆ ಅಂದ್ರೆ ಸಾಕು” ಎಂದಳು ಅಧಿಕಾರಿ. ಇರಲಿ ಬಿಡಮ್ಮ ಎಂದೆ.

ಶನಿವಾರದ ಪಾಠದಲ್ಲಿ ಆ ಮೂರು ಪದಗಳ ಬಗ್ಗೆ ಮತ್ತೆ ಹೇಳಿದೆ. ಯಾವಾಗ ಬಳಸಬೇಕು, ಯಾವಾಗ ಬಳಸಬಾರದು. ಸುಮಾರಾಗಿ ಹತ್ತು ವರ್ಷವಾದಾಗ ಹಾಗೆ ಹೇಳುವಂತಿಲ್ಲ, ತಾರೀಖು ಗೊತ್ತಿದ್ದು, ಕೂಡಿಸಿ ನೋಡಿ, ಸರಿ ಬಂದರೆ ಮಾತ್ರ. ಉದಾಹರಣೆ ಕೊಡಿ ಎಂದು ಕೇಳಿದರು. ನಾನು ಹಗ್ಗದ ಉದಾಹರಣೆಯನ್ನೇ ಕೊಟ್ಟೆ. ಯಾರು ಬರೆದದ್ದು ಎಂಬುದನ್ನೂ ಹೇಳಿದೆ. ನರ್ಸ್ ಬರೆದುಕೊಳ್ಳುವುದನ್ನು ನಿಲ್ಲಿಸಿದಳು. ಉಳಿದವರು ಬರೆದುಕೊಂಡರು.

ಅಕ್ಕ

*

ಜುಲೈ 12

ಯಂತ್ರ ಸುರಕ್ಷತಾ ಕಚೇರಿ

ವಿಷಯ: ಲಾಂಡ್ರಿ ಸಾಮಾನು ಲಿಫ್ಟ್ ಅಪಘಾತದ ವಿಚಾರಣೆ, ತರ್ಜುಮೆಯ ತಿದ್ದುಪಡಿ.

ಮೇಲ್ಕಂಡ ವಿಚಾರಣೆಯ ತಜ್ಞರ ವರದಿಯ ತರ್ಜುಮೆಯಲ್ಲಿ, ಪುಟ ಆರು, ಸಾಲು ಹದಿನಾಲ್ಕರಲ್ಲಿ “ಐದು ವರ್ಷದ ಅವಧಿ ಮುಗಿದ ಹಗ್ಗವನ್ನು ಅಪಘಾತದ ದಿನದವರೆಗೂ ಬಳಸಲಾಗಿದೆ” ಎಂಬುದರ ಬದಲಿಗೆ “ಅಪಘಾತದ ದಿನಕ್ಕೆ ಹಗ್ಗ ಹಾಕಿ ಸರಿಯಾಗಿ ಐದು ವರ್ಷವಾಗಿತ್ತು” ಎಂದು ಓದಿಕೊಳ್ಳತಕ್ಕದ್ದು. ಇದರಂತೆ ಮೆಕ್ಯಾನಿಕ್ ಅವರ ಮೇಲಿನ ಆರೋಪವನ್ನು ಕೈಬಿಡಲಾಗಿದ್ದು, ಪರವಾನಗಿಯ ರದ್ದತಿಯನ್ನು ಹಿಂದಕ್ಕೆ ಪಡೆಯಲಾಗಿದೆ.

ಸಹಿ, ಅಧಿಕಾರಿ

ಪ್ರತಿ: ಅರ್ಜಿದಾರರಿಗೆ, ತರ್ಜುಮೆ ಮಾಡಿದವರಿಗೆ.

*

ಜುಲೈ 20

ಅಕ್ಕನವರಿಗೆ ನಮಸ್ಕಾರ.

ನಾನು ಕಾಗದ ಬರೆದು ಅಭ್ಯಾಸವಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಕಚೇರಿಯ ಪತ್ರ ಬಂತು. ಒಂದು ಪ್ರತಿಯನ್ನು ಮಗಳಿಗೆ ಕಳಿಸಿದ್ದೇನೆ. ಶಾಲೆಯ ಮುಖ್ಯೋಪಾಧ್ಯಾಯರಿಗೂ ತೋರಿಸಿದೆ. ಅವರು, ಹಾಗಾದರೆ ನಮ್ಮನ್ನು ಬಿಟ್ಟು ಹೋಗುತ್ತೀರಾ ಎಂದು ಕೇಳಿದರು. ಇಲ್ಲ ಎಂದೆ. ಈ ವಯಸ್ಸಿನಲ್ಲಿ ಲಿಫ್ಟಿನ ಕೆಳಗಿನ ಹಳ್ಳಕ್ಕೆ ಇಳಿಯಲು ಮೊಣಕಾಲು ಕೇಳುವುದಿಲ್ಲ. ಪರವಾನಗಿಯನ್ನು ಮಾತ್ರ ಹೋಗಿ ತರುತ್ತೇನೆ.

ನಿಮ್ಮ ಮೇಲೆ ನನಗೆ ನಾಲ್ಕು ದಿನ ಬಹಳ ಸಿಟ್ಟು ಬಂದಿತ್ತು. ಸುಳ್ಳು ಹೇಳುವುದಿಲ್ಲ. ನೀವು ನಿಮ್ಮ ಅರ್ಧ ನಿಮಿಷದ ವಿಷಯವನ್ನು ಮುಚ್ಚಿಡದೆ ಬರೆದಿರಿ. ಅದಕ್ಕೇ ನಾನೂ ಒಂದು ವಿಷಯ ಬರೆಯುತ್ತಿದ್ದೇನೆ. ಇದನ್ನು ಸಮಿತಿಯ ಮುಂದೆ ಹೇಳಿಲ್ಲ. ಮನೆಯಲ್ಲೂ ಹೇಳಿರಲಿಲ್ಲ. ನಿನ್ನೆ ನಿಮ್ಮ ತಂಗಿಗೆ ಹೇಳಿದೆ.

ಹೊಸ ಹಗ್ಗ ಆ ದಿನ ಬೆಳಿಗ್ಗೆ ಬಂತು ಎಂದೇ ಎಲ್ಲರೂ ತಿಳಿದಿದ್ದರು, ಹಾಗಲ್ಲ. ಹಿಂದಿನ ದಿನ ಮಧ್ಯಾಹ್ನವೇ ಬಂದಿತ್ತು. ಆವತ್ತು ಸಂಜೆ ನಾನು ಹಳೆ ಹಗ್ಗದ ಮೇಲೆ ಕೈ ಆಡಿಸಿ ನೋಡಿದ್ದೆ. ಒಂದು ಕಡೆ ಸ್ವಲ್ಪ ಗಡುಸಾಗಿದೆ ಅನ್ನಿಸಿತು. ಕಣ್ಣಿಗೆ ಏನೂ ಕಾಣಲಿಲ್ಲ. ಒಳಗಿನ ಎಳೆ ಹೋಗಿದ್ದರೆ ಹೊರಗೆ ಕಾಣುವುದಿಲ್ಲ, ಕೈಗೆ ಮಾತ್ರ ಗೊತ್ತಾಗುತ್ತದೆ. ಆಗಲೇ ನಿಲ್ಲಿಸಿ ಬದಲಾಯಿಸಬಹುದಿತ್ತು. ಎರಡು ಗಂಟೆಯ ಕೆಲಸ. ಬಿಲ್ಲೆ ನೋಡಿದೆ. ನಾಳೆಗೆ ಐದು ವರ್ಷ. ಇನ್ನೂ ಒಂದು ದಿನ ಇದೆ, ನಿಯಮದ ಪ್ರಕಾರ ಸರಿಯಾಗಿದೆ, ನಾಳೆಯೇ ಮಾಡಿದರಾಯಿತು ಎಂದು ಮನೆಗೆ ಬಂದೆ.

ನೀವು ನಿಘಂಟನ್ನು ನೋಡಲಿಲ್ಲ. ನಾನು ತಾರೀಖನ್ನು ನೋಡಿ ಕೈಯ ಮಾತನ್ನು ಬಿಟ್ಟೆ.

ಅದಕ್ಕೇ ಆವತ್ತು ಸಮಿತಿಯವರು ಕೇಳಿದಾಗ ನಾನು ಹೆಚ್ಚು ವಾದಿಸಲಿಲ್ಲ. ನಿಮ್ಮ ಮೇಲೆ ನಂಬಿಕೆ ಇದ್ದದ್ದು ನಿಜ. ಆದರೆ ನನ್ನದೂ ಸ್ವಲ್ಪ ಇದೆ ಎಂದು ಒಳಗೆ ಗೊತ್ತಿತ್ತು. ಎಷ್ಟು ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ಎಲ್ಲವೂ ನನ್ನದೇ ಎಂದುಕೊಂಡು ಇದ್ದೆ. ಈಗ ನಿಮ್ಮದು ನಿಮ್ಮ ಹತ್ತಿರ ಹೋಯಿತು. ನನ್ನದು ನನ್ನ ಹತ್ತಿರ ಇದೆ. ಇಷ್ಟನ್ನು ಹೊರಬಲ್ಲೆ.

ಇಸ್ತ್ರಿಯ ಅಕ್ಕನಿಗೂ ಇದನ್ನು ಹೇಳಿ ಬಂದೆ. ಅವರು ಕೈಯಲ್ಲಿದ್ದ ಅಂಗಿಗೆ ಇಸ್ತ್ರಿ ಹಾಕಿ ಮುಗಿಸಿದರು. ಮುಂದಿನ ತಿಂಗಳು ಬರಬೇಕೋ ಬೇಡವೋ ಎಂದು ಕೇಳಿದೆ. ನೋಡೋಣ ಎಂದರು. ನಾನು ಹೋಗುತ್ತೇನೆ. ಬೇಡ ಎಂದರೆ ವಾಪಸ್ಸು ಬರುತ್ತೇನೆ.

ನೀವು ಒಮ್ಮೆ ಮನೆಗೆ ಬನ್ನಿ. ಬಸ್ಸು ಶಾಲೆಯ ಮುಂದೆಯೇ ನಿಲ್ಲುತ್ತದೆ. ನಾನು ಗೇಟಿನ ಹತ್ತಿರ ಇರುತ್ತೇನೆ.

ಇಂತಿ,
ನಿಮ್ಮ ತಂಗಿಯ ಮನೆಯವರು

ಅಕ್ಕ, ಇಲ್ಲಿ ಕೆಳಗೆ ಜಾಗ ಉಳಿದಿತ್ತು, ಬರೆಯುತ್ತಿದ್ದೇನೆ. ಬನ್ನಿ ಅಂತ ಬರೆದದ್ದು ಅವರು, ನಾನಲ್ಲ. ಆದರೆ ಬರುವುದಾದರೆ ಮಂಗಳವಾರ ಬರಬೇಡ. ಮಂಗಳವಾರ ನಾನು ಬಟ್ಟೆ ಕತ್ತರಿಸುವುದನ್ನು ಹೇಳಿಕೊಡಲು ಹೋಗುತ್ತೇನೆ, ಸಂಜೆಯವರೆಗೆ ಮನೆಯಲ್ಲಿರುವುದಿಲ್ಲ.